ಎಎಂಎಚ್ ಚೆನ್ನಾಗಿದೆ, ಅಂಡಾಣು ಮಾತ್ರ ಮೂರೇ: ಇದಕ್ಕೆ ಜೀನ್ ಕಾರಣವೇ?

ಪ್ರಶ್ನೆ: ನನಗೆ 31 ವರ್ಷ, ಊರು ದಾವಣಗೆರೆ. ಮೊದಲ ಐವಿಎಫ್ ಮುಗಿಯಿತು. ಎಎಂಎಚ್ (ಅಂಡಾಶಯದಲ್ಲಿ ಅಂಡಾಣುಗಳ ದಾಸ್ತಾನು ಎಷ್ಟಿದೆ ಅಂತ ತಿಳಿಸೋ ರಕ್ತ ಪರೀಕ್ಷೆ) 2.6 ಇದೆ, ಸ್ಕ್ಯಾನ್‌ನಲ್ಲಿ ಎರಡೂ ಕಡೆ ಸೇರಿ 13 ಫಾಲಿಕಲ್ (ಅಂಡಾಣು ಬೆಳೆಯೋ ಪುಟ್ಟ ಚೀಲ) ಕಾಣಿಸುತ್ತಿದೆ, ಒಳ್ಳೇ ಸಂಖ್ಯೆಯಲ್ಲಿ ಅಂಡಾಣು ಸಿಗುತ್ತೆ ಅಂದಿದ್ದರು. ದಿನಕ್ಕೆ 225 ಯೂನಿಟ್ ಇಂಜೆಕ್ಷನ್ ತಗೊಂಡರೂ ಸಿಕ್ಕಿದ್ದು ಮೂರೇ. ಭ್ರೂಣ ಆಗಿದ್ದು ಒಂದು, ಅದೂ ನಿಲ್ಲಲಿಲ್ಲ. ನನ್ನ ಚಿಕ್ಕಮ್ಮನ ಮಗಳಿಗೆ 150 ಯೂನಿಟ್‌ಗೇ 19 ಬಂದಿತ್ತು, ಹೊಟ್ಟೆ ಊದಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂದೇ ಮನೆತನದಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಲ್ಯಾಬ್‌ನವರೊಬ್ಬರು ಫರ್ಟಿಲಿಟಿ ಜೀನ್ ಪ್ಯಾನಲ್ ಮಾಡಿಸಿ ಅಂತಿದ್ದಾರೆ, 18 ಸಾವಿರ ಆಗುತ್ತೆ. ಮಾಡಿಸಲಾ? ಅಮ್ಮನಿಗೆ 41ಕ್ಕೇ ಮುಟ್ಟು ನಿಂತಿತ್ತು, ಹಾಗಾಗಿ ಭಯ. ಜೊತೆಗೆ ಓಡಾಡೋಕೆ ಅಕ್ಕನಿಗೂ ಆಗಲ್ಲ, ಅವಳ ಮಗನಿಗೆ ಐದು ವರ್ಷ ಆದರೂ ಮಾತು ಸರಿಯಾಗಿ ಬಂದಿಲ್ಲ, ದಿನಾ ಥೆರಪಿಗೆ ಕರೆದುಕೊಂಡು ಹೋಗಬೇಕು. ನಮ್ಮತ್ತೆ 'ನಿಮ್ಮ ವಂಶದಲ್ಲೇ ದೋಷ' ಅಂತಾರೆ. ಸ್ಕ್ಯಾನ್ ಚೀಟಿಯ ಫೋಟೊ ಕಳಿಸಿದ್ದೇನೆ.

ಉತ್ತರ: ಆ 18 ಸಾವಿರದ ಪ್ಯಾನಲ್ ಬೇಡ. ಆದರೆ ಅಮ್ಮನ ವಿಷಯ, ಅಕ್ಕನ ಮಗನ ವಿಷಯ ಬರೆದಿದ್ದೀರಲ್ಲ, ಅವೆರಡನ್ನೂ ಒಟ್ಟಿಗೆ ಓದಿದಾಗ ನನಗೆ ಬೇರೆಯದೇ ಒಂದು ಟೆಸ್ಟ್ ಬೇಕು ಅನ್ನಿಸಿತು. ಅದು ಬಹುಶಃ ಆ ಪ್ಯಾನಲ್‌ನಲ್ಲಿ ಇರೋದೇ ಇಲ್ಲ. ಮೊದಲು ನಿಮ್ಮ ಚೀಟಿ ನೋಡೋಣ.

ಮುಟ್ಟಿನ ಎರಡನೇ ದಿನ ಬಲಕ್ಕೆ 7, ಎಡಕ್ಕೆ 6 ಫಾಲಿಕಲ್, ಎಲ್ಲವೂ 4ರಿಂದ 6 ಮಿಲಿಮೀಟರ್. ಇದು ಚೆನ್ನಾಗಿದೆ, ಸಮನಾಗಿ ನಿಂತಿವೆ. ಆರನೇ ದಿನವೂ ಒಂದೂ 9 ದಾಟಿಲ್ಲ. ಎಂಟನೇ ದಿನ ಬಲಕ್ಕೆ 11 ಮತ್ತು 10, ಎಡಕ್ಕೆ 12, ಉಳಿದವು 6–7ರಲ್ಲೇ ಕೂತಿವೆ. ಹನ್ನೆರಡನೇ ದಿನ 18, 17, 18 ಮತ್ತು ಒಂದು 13. ಅಂದರೆ ಒಟ್ಟು 13 ಫಾಲಿಕಲ್‌ಗಳಲ್ಲಿ ಬೆಳೆದದ್ದು ನಾಲ್ಕು, ಪೂರ್ತಿ ಬೆಳೆದದ್ದು ಮೂರು, ಆ ಮೂರರಿಂದಲೂ ಅಂಡಾಣು ಸಿಕ್ಕಿದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಫಾಲಿಕಲ್ ಚೆನ್ನಾಗಿ ಬೆಳೆದು ಅಂಡಾಣು ಸಿಗದಿದ್ದರೆ ಅದರ ಕಾರಣಗಳೇ ಬೇರೆ: ಟ್ರಿಗರ್ ಇಂಜೆಕ್ಷನ್ (ಅಂಡಾಣು ಪಕ್ವವಾಗಲು ಕೊನೆಗೆ ಕೊಡುವುದು) ಸರಿಯಾದ ಹೊತ್ತಿಗೆ ಆಗಿಲ್ಲ, ಅಥವಾ ಅಪರೂಪಕ್ಕೆ ಅಂಡಾಣುವಿನಲ್ಲೇ ತೊಂದರೆ. ನಿಮ್ಮಲ್ಲಿ ಹಾಗಾಗಿಲ್ಲ. ಫಾಲಿಕಲ್ ಇತ್ತು, ಔಷಧಿ ಬಂತು, ಆದರೆ ಮುಕ್ಕಾಲು ಭಾಗ ಫಾಲಿಕಲ್ ಅದಕ್ಕೆ ಓಗೊಡಲಿಲ್ಲ.

35ರೊಳಗಿನ ವಯಸ್ಸು, ಎಎಂಎಚ್ 1.2 ಅಥವಾ ಅದಕ್ಕಿಂತ ಜಾಸ್ತಿ, ಫಾಲಿಕಲ್ ಐದು ಅಥವಾ ಜಾಸ್ತಿ, ಆದರೂ ನಾಲ್ಕಕ್ಕಿಂತ ಕಡಿಮೆ ಅಂಡಾಣು. ಇಂಥವರನ್ನು 2016ರಲ್ಲಿ ಬಂದ ಪೊಸೈಡನ್ ವಿಂಗಡಣೆಯಲ್ಲಿ ಮೊದಲ ಗುಂಪಿಗೆ ಸೇರಿಸುತ್ತಾರೆ, ಅಂದರೆ ನಿರೀಕ್ಷೆಗೆ ವಿರುದ್ಧವಾಗಿ ಕಡಿಮೆ ಸ್ಪಂದಿಸಿದವರು. ಜೀನ್‌ಗಳ ಪ್ರಶ್ನೆ ನಿಜವಾಗಿ ಹುಟ್ಟಿದ್ದೇ ಈ ಗುಂಪಿನಲ್ಲಿ. ವಯಸ್ಸಾದವರಿಗೆ, ಎಎಂಎಚ್ ತೀರಾ ಕಡಿಮೆ ಇರುವವರಿಗೆ ಅಂಡಾಣು ಕಡಿಮೆ ಬಂದರೆ ಅದಕ್ಕೆ ಜೀನ್ ಹುಡುಕಬೇಕಾಗಿಲ್ಲ, ಅಲ್ವಾ? ದಾಸ್ತಾನು ಇದ್ದೂ ಬರದಿದ್ದಾಗಲೇ ಯಾಕೆ ಅನ್ನೋ ಪ್ರಶ್ನೆ.

ನೀವು ಚುಚ್ಚಿಕೊಂಡಿದ್ದು ಎಫ್‌ಎಸ್‌ಎಚ್ ಹಾರ್ಮೋನು. ಫಾಲಿಕಲ್ ಒಳಗಿನ ಜೀವಕೋಶಗಳ ಮೇಲೆ ಅದಕ್ಕೆಂದೇ ಒಂದು ರಿಸೆಪ್ಟರ್ ಇರುತ್ತದೆ. ಹಾರ್ಮೋನು ಬಂದು ಅದರ ಮೇಲೆ ಕೂತರೆ ಮಾತ್ರ ಒಳಗೆ ಕೆಲಸ ಶುರು. ಆ ರಿಸೆಪ್ಟರ್ ತಯಾರಿಸೋ ಜೀನ್ ಎರಡನೇ ಕ್ರೋಮೋಸೋಮ್‌ನಲ್ಲಿದೆ, ಹೆಸರು ಎಫ್‌ಎಸ್‌ಎಚ್‌ಆರ್. ಅದರಲ್ಲಿ 680ನೇ ಜಾಗದಲ್ಲಿ ಕೆಲವರಿಗೆ ಆಸ್ಪರಜಿನ್ ಅನ್ನೋ ಅಮೈನೋ ಆಮ್ಲ, ಕೆಲವರಿಗೆ ಸೆರಿನ್. ಎರಡೂ ಮಾಮೂಲಿ, ಎರಡೂ ರೋಗವಲ್ಲ. ಆದರೆ ಸೆರಿನ್ ಇರುವ ರಿಸೆಪ್ಟರ್ ಸ್ವಲ್ಪ ಮಂದ, ಕಾಲಿಂಗ್ ಬೆಲ್ ಒತ್ತಿದರೂ ಒಳಗಿನವರಿಗೆ ಸಣ್ಣಗೆ ಕೇಳಿಸಿದ ಹಾಗೆ. 2000ನೇ ಇಸವಿಯಲ್ಲಿ ಜರ್ಮನಿಯ ಸಂಶೋಧಕರು ಐವಿಎಫ್ ಮಾಡಿಸಿಕೊಂಡ 161 ಹೆಂಗಸರಲ್ಲಿ ಇದನ್ನು ನೋಡಿದರು. ಅಪ್ಪ ಅಮ್ಮ ಇಬ್ಬರಿಂದಲೂ ಆಸ್ಪರಜಿನ್ ಪಡೆದವರಿಗೆ ಸರಾಸರಿ 32 ಆಂಪೂಲ್ ಔಷಧಿ ಸಾಕಾಗಿತ್ತು, ಇಬ್ಬರಿಂದಲೂ ಸೆರಿನ್ ಪಡೆದವರಿಗೆ ಸುಮಾರು 47 ಬೇಕಾಯಿತು. ಆಗ ಎಲ್ಲರಿಗೂ ಖುಷಿಯೋ ಖುಷಿ. ಇನ್ನು ಮೇಲೆ ರಕ್ತ ನೋಡಿ ಡೋಸ್ ಬರೆಯಬಹುದು ಅಂದುಕೊಂಡರು.

ಹಾಗಾಗಲಿಲ್ಲ. ಮುಂದೆ ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ಹೆಂಗಸರ ಲೆಕ್ಕ ಒಟ್ಟು ಹಾಕಿದಾಗ ಈ ಎರಡು ಗುಂಪುಗಳ ನಡುವೆ ಉಳಿದ ವ್ಯತ್ಯಾಸ ಒಂದು ಅಂಡಾಣುವಿಗಿಂತಲೂ ಕಡಿಮೆ. ನಿಜವಾದ ವ್ಯತ್ಯಾಸವೇ, ಆದರೆ 13 ಫಾಲಿಕಲ್ ಇದ್ದೂ ಮೂರೇ ಬಂದದ್ದನ್ನು ಅದು ವಿವರಿಸುವುದಿಲ್ಲ. 2005ರ ಇನ್ನೊಂದು ಅಧ್ಯಯನದಲ್ಲಿ ಸೆರಿನ್ ಗುಂಪಿನವರಿಗೆ 150 ಯೂನಿಟ್ ಕೊಟ್ಟಾಗ ಈಸ್ಟ್ರಡಯೋಲ್ (ಫಾಲಿಕಲ್ ಬೆಳೆದ ಹಾಗೆ ಏರುವ ಹಾರ್ಮೋನು) ಕಡಿಮೆ ಬಂತು, 225 ಕೊಟ್ಟಾಗ ಸರಿಹೋಯಿತು. ನೀವು ಈಗಾಗಲೇ 225ರಲ್ಲೇ ಇದ್ದಿರಿ. ಹಾಗಾದರೆ ಪ್ಯಾನಲ್ ಮಾಡಿಸಿ ಸೆರಿನ್ ಅಂತ ಗೊತ್ತಾದರೂ ನಿಮ್ಮ ಡಾಕ್ಟರ್ ಏನು ಬದಲಾಯಿಸುತ್ತಾರೆ? ಡೋಸ್ ಸ್ವಲ್ಪ ಏರಿಸುತ್ತಾರೆ. ಅದನ್ನು ಅವರು ಮೊದಲ ಸೈಕಲ್ ನೋಡಿಯೇ ಮಾಡುತ್ತಿದ್ದರು.

ನಮ್ಮ ದೇಶದ್ದೂ ಒಂದು ಮುಖ್ಯವಾದ ಕೆಲಸ ಇದೆ. ಮುಂಬೈನಲ್ಲಿರುವ ಐಸಿಎಂಆರ್‌ನ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯವರು ಇದೇ ಜೀನ್‌ನ ಮುಂಭಾಗದಲ್ಲಿ, ಅಂದರೆ ರಿಸೆಪ್ಟರ್ ಎಷ್ಟು ತಯಾರಾಗಬೇಕು ಅಂತ ನಿರ್ಧಾರ ಆಗೋ ಜಾಗದಲ್ಲಿ, ಮೈನಸ್ 29 ಅನ್ನೋ ಒಂದು ಬದಲಾವಣೆಯನ್ನು ನೋಡಿದರು. 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಆ ಬದಲಾವಣೆ ಎರಡೂ ಪ್ರತಿಗಳಲ್ಲಿ ಇದ್ದ ಭಾರತೀಯ ಹೆಂಗಸರಲ್ಲಿ ಸ್ಪಂದನೆ ಕಡಿಮೆ ಇತ್ತು, ಆಮೇಲೆ ಅವರ ಜೀವಕೋಶಗಳಲ್ಲಿ ರಿಸೆಪ್ಟರ್ ಕೂಡ ಕಡಿಮೆ ಇರೋದನ್ನು ತೋರಿಸಿದರು. ಈ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ, ಯಾಕೆಂದರೆ ಈ ವಿಷಯದ ಬಹುಪಾಲು ಮಾಹಿತಿ ಯುರೋಪಿನ ಹೆಂಗಸರಿಂದ ಬಂದದ್ದು. 2014ರಲ್ಲಿ ಸ್ಪೇನ್ ಮತ್ತು ಭಾರತದ ಹೆಂಗಸರನ್ನು ಹೋಲಿಸಿದ ಅಧ್ಯಯನದಲ್ಲಿ ನಮ್ಮವರ ಅಂಡಾಶಯದ ದಾಸ್ತಾನು ಸುಮಾರು ಆರು ವರ್ಷ ದೊಡ್ಡವರಾದ ಸ್ಪೇನ್ ಹೆಂಗಸರ ಮಟ್ಟದಲ್ಲಿತ್ತು. ಅದಕ್ಕೆ ಜೀನ್ ಎಷ್ಟು ಕಾರಣ, ಊಟ, ಸೋಂಕು, ಬಾಲ್ಯದ ಪೋಷಣೆ ಎಷ್ಟು ಕಾರಣ ಅಂತ ಬಿಡಿಸಿ ನೋಡಬೇಕಾದರೆ ನಮ್ಮವರನ್ನೇ ಓದಬೇಕು.

ಪ್ಯಾನಲ್‌ನಲ್ಲಿ ಇರುವ ಉಳಿದ ಹೆಸರುಗಳ ಕಥೆಯೂ ಇಷ್ಟೇ. ಎಫ್‌ಎಸ್‌ಎಚ್ ಜೊತೆಗೆ ಅಂಡಾಶಯವನ್ನು ನಡೆಸುವ ಎಲ್‌ಎಚ್ ಹಾರ್ಮೋನಿನ ಒಂದು ಬಗೆ ಫಿನ್‌ಲೆಂಡ್‌ನಲ್ಲಿ ಮೊದಲು ಗುರುತಾಯಿತು, ಅದಿರುವವರಿಗೆ ಔಷಧಿ ಸ್ವಲ್ಪ ಜಾಸ್ತಿ ಬೇಕಾಗಬಹುದು. ಈಸ್ಟ್ರೋಜೆನ್ ರಿಸೆಪ್ಟರ್, ಎಎಂಎಚ್ ರಿಸೆಪ್ಟರ್, ಎಲ್ಲಕ್ಕೂ ಒಂದಿಷ್ಟು ಅಧ್ಯಯನ ಪರವಾಗಿ, ಒಂದಿಷ್ಟು ವಿರುದ್ಧವಾಗಿ ಇವೆ. ಡೋಸ್ ಅನ್ನೇ ಒಬ್ಬೊಬ್ಬರಿಗೆ ಹೊಂದಿಸುವುದರಿಂದ ಎಷ್ಟು ಲಾಭ ಅಂತ ನೆದರ್‌ಲೆಂಡ್ಸ್‌ನಲ್ಲಿ ಸುಮಾರು 1500 ಹೆಂಗಸರ ಮೇಲೆ ದೊಡ್ಡ ಪ್ರಯೋಗವೇ ಆಯಿತು. ಆಪ್ಟಿಮಿಸ್ಟ್ ಅಂತ ಹೆಸರು, 2017ರಲ್ಲಿ ಫಲಿತಾಂಶ ಬಂತು. ಫಾಲಿಕಲ್ ಎಣಿಸಿ ಡೋಸ್ ಹೊಂದಿಸಿದರೂ ಮಗು ಹುಟ್ಟುವ ಪ್ರಮಾಣ ಹೆಚ್ಚಲಿಲ್ಲ. ಫಾಲಿಕಲ್ ಎಣಿಕೆಗೇ ಹೀಗಾದರೆ, ಒಂದು ಅಂಡಾಣುವಿನಷ್ಟೂ ವ್ಯತ್ಯಾಸ ಮಾಡದ ಜೀನ್ ನೋಡಿ ಡೋಸ್ ಬರೆದು ಏನು ಸಿಗುತ್ತದೆ? ಅದಕ್ಕೇ ದುಡ್ಡು ಉಳಿಸಿಕೊಳ್ಳಿ ಅಂದದ್ದು.

ಒಂದೇ ಜೀನ್ ಅಂಡಾಶಯವನ್ನು ಪೂರ್ತಿ ಬದಲಾಯಿಸೋ ಉದಾಹರಣೆ ಇಲ್ಲವೇ ಅಂದರೆ ಇದೆ, ಕುರಿಗಳಲ್ಲಿ. ಬಂಗಾಳದ ಗ್ಯಾರೋಲ್ ಕುರಿಯಲ್ಲಿ ಒಂದು ಜೀನ್ ಬದಲಾವಣೆಯಿಂದ ಅವಳಿ ತ್ರಿವಳಿ ಮರಿ ಹುಟ್ಟೋದು ಮಾಮೂಲಿ. 1790ರ ದಶಕದಲ್ಲಿ ಬಂಗಾಳದ ಕುರಿಗಳು ಆಸ್ಟ್ರೇಲಿಯಾಕ್ಕೆ ಹೋದಾಗ ಆ ಜೀನ್ ಕೂಡ ಅಲ್ಲಿಗೆ ಹೋಯಿತು. ಈಚೆಗೆ ಮಹಾರಾಷ್ಟ್ರದ ಫಲ್ಟಣ್‌ನಲ್ಲಿ ಅದನ್ನು ನಮ್ಮ ಕಡೆಯೂ ಸಾಕುವ ದಖನಿ ಕುರಿಗೆ ಬೆರೆಸಿದರು. ಮನುಷ್ಯರಲ್ಲಿ ಹೀಗೆ ಎದ್ದು ಕಾಣುವ ಒಂದು ಜೀನ್ ಮಾಮೂಲಿ ಜನರಲ್ಲಿ ಸಿಗುವುದಿಲ್ಲ. 2021ರಲ್ಲಿ ಸುಮಾರು ಎರಡು ಲಕ್ಷ ಹೆಂಗಸರ ಡಿಎನ್‌ಎ ನೋಡಿದಾಗ ಮುಟ್ಟು ನಿಲ್ಲುವ ವಯಸ್ಸಿನ ಮೇಲೆ ಪ್ರಭಾವ ಬೀರುವ ಸುಮಾರು 290 ಜಾಗಗಳು ಸಿಕ್ಕವು. ಅವುಗಳಲ್ಲಿ ತುಂಬಾ ಜೀನ್‌ಗಳು ಡಿಎನ್‌ಎ ಹಾಳಾದಾಗ ಅದನ್ನು ಗಮನಿಸಿ ರಿಪೇರಿ ಮಾಡುವಂಥವು. ಒಂದೊಂದರದ್ದೂ ಚೂರು ಚೂರು ಪಾಲು.

ನಿಮ್ಮ ತಂಗಿಯ ಲೆಕ್ಕವೂ ಇದರಲ್ಲೇ ಇದೆ. ಚಿಕ್ಕಮ್ಮನ ಮಗಳು ಮತ್ತು ನಿಮ್ಮ ನಡುವೆ ಒಂದೇ ಆಗಿರುವುದು ಸರಾಸರಿ ಎಂಟನೇ ಒಂದು ಭಾಗ ಜೀನ್. ಉಳಿದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅವರವರ ತಂದೆ ಕಡೆಯದು. 150 ಯೂನಿಟ್‌ಗೆ 19 ಬಂದು ಹೊಟ್ಟೆ ಊದಿದೆ ಅಂದರೆ ಅವರಿಗೆ ಪಿಸಿಓಡಿ ಇರುವ ಸಾಧ್ಯತೆ ಹೆಚ್ಚು. ಅವರಿಗೆ 19 ಬಂದದ್ದು ಅದೃಷ್ಟ ಅಂತಲೂ ನೋಡಬೇಡಿ, ಹಾಗೆ ಊದಿಕೊಳ್ಳುವುದು ಅಪಾಯದ ಸ್ಥಿತಿ.

ಇನ್ನು ಆ ಟೆಸ್ಟ್ ವಿಷಯ. ಎಕ್ಸ್ ಕ್ರೋಮೋಸೋಮ್‌ನಲ್ಲಿ ಎಫ್‌ಎಂಆರ್1 ಅಂತ ಒಂದು ಜೀನ್ ಇದೆ. ಅದರ ಆರಂಭದಲ್ಲಿ ಡಿಎನ್‌ಎಯ ಸಿಜಿಜಿ ಅನ್ನೋ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 45ರೊಳಗೆ ಇದ್ದರೆ ಮಾಮೂಲಿ. 55ರಿಂದ 200ರವರೆಗೆ ಇದ್ದರೆ ಪ್ರೀಮ್ಯುಟೇಶನ್ ಅನ್ನುತ್ತಾರೆ. 200 ದಾಟಿದರೆ ಫ್ರಾಜೈಲ್ ಎಕ್ಸ್, ಗಂಡು ಮಕ್ಕಳಲ್ಲಿ ಮಾತು ಮತ್ತು ಕಲಿಕೆ ತಡವಾಗಲು ವಂಶವಾಹಿಯಾಗಿ ಬರುವ ಮುಖ್ಯ ಕಾರಣಗಳಲ್ಲಿ ಒಂದು. ಪ್ರೀಮ್ಯುಟೇಶನ್ ಇರುವ ಹೆಂಗಸು ನೋಡೋಕೆ, ಓದೋಕೆ, ಕೆಲಸಕ್ಕೆ ಎಲ್ಲರ ಹಾಗೇ. ಆದರೆ ಅಂಥ ಐವರಲ್ಲಿ ಸುಮಾರು ಒಬ್ಬರಿಗೆ 40ರೊಳಗೇ ಅಂಡಾಶಯ ಕೆಲಸ ನಿಲ್ಲಿಸುತ್ತದೆ, ಉಳಿದವರಲ್ಲೂ ಹಲವರಿಗೆ ಮುಟ್ಟು ಬೇಗ ನಿಲ್ಲುತ್ತದೆ, ಐವಿಎಫ್ ಇಂಜೆಕ್ಷನ್‌ಗೆ ಸ್ಪಂದನೆ ಕಡಿಮೆ ಇರುತ್ತದೆ. ಈ ಎಣಿಕೆ ತಾಯಿಯಿಂದ ಮಗುವಿಗೆ ಹೋಗುವಾಗ ಬೆಳೆಯಬಹುದು. ಅಮ್ಮನಲ್ಲಿ 90 ಇದ್ದದ್ದು ಮಗನಲ್ಲಿ ಇನ್ನೂರು ದಾಟಬಹುದು.

ಈಗ ನಿಮ್ಮ ಮನೆ ನೋಡಿ. ಅಮ್ಮನಿಗೆ 41ಕ್ಕೆ ಮುಟ್ಟು ನಿಂತಿದೆ. ಅಕ್ಕನ ಮಗನಿಗೆ ಐದು ವರ್ಷಕ್ಕೂ ಮಾತು ಸರಿಯಾಗಿ ಬಂದಿಲ್ಲ. ನಿಮಗೆ ನಿರೀಕ್ಷೆಗಿಂತ ಕಡಿಮೆ ಅಂಡಾಣು. ಒಂದೊಂದನ್ನೇ ನೋಡಿದರೆ ಇವಕ್ಕೆ ಬೇರೆ ನೂರು ಕಾರಣ ಇರಬಹುದು. ಮಾತು ತಡವಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಫ್ರಾಜೈಲ್ ಎಕ್ಸ್ ಇರುವುದಿಲ್ಲ, ಕಿವಿ ಕೇಳಿಸದಿರುವುದು, ಆಟಿಸಂ, ಹೀಗೆ ಎಷ್ಟೋ ಇವೆ. ದಯವಿಟ್ಟು ಈಗಲೇ ಗಾಬರಿಯಾಗಿ ಅಕ್ಕನಿಗೆ ಫೋನ್ ಮಾಡಿ ಹೆದರಿಸಬೇಡಿ. ಆದರೆ ಮೂರೂ ಒಂದೇ ಮನೆಯಲ್ಲಿ, ತಾಯಿ ಕಡೆಯಿಂದ ಒಂದೇ ಸಾಲಿನಲ್ಲಿ ಇವೆ. ಇಂಥದ್ದನ್ನು ನೋಡಿಯೂ ಟೆಸ್ಟ್ ಬರೆಯದಿದ್ದರೆ ಅದು ತಪ್ಪು. ಇನ್ನೂ ಒಂದು ಕೇಳಿ ತಿಳಿದುಕೊಳ್ಳಿ: ನಿಮ್ಮ ಅಮ್ಮನ ತಂದೆಗೆ ವಯಸ್ಸಾದ ಮೇಲೆ ಕೈ ನಡುಗುತ್ತಿತ್ತೇ, ನಡೆಯುವಾಗ ತೂಗಾಡುತ್ತಿದ್ದರೇ? ಪ್ರೀಮ್ಯುಟೇಶನ್ ಇರುವ ಗಂಡಸರಲ್ಲಿ ಕೆಲವರಿಗೆ 50 ದಾಟಿದ ಮೇಲೆ ಹಾಗಾಗುತ್ತದೆ. ತಾತನಲ್ಲಿದ್ದರೆ ಅದು ಅವರ ಎಲ್ಲ ಹೆಣ್ಣು ಮಕ್ಕಳಿಗೂ ಬಂದಿರುತ್ತದೆ, ಅಂದರೆ ನಿಮ್ಮ ಚಿಕ್ಕಮ್ಮನಿಗೂ. ಚಿಕ್ಕಮ್ಮನ ಮಗಳಿಗೆ 19 ಅಂಡಾಣು ಬಂದ ಮಾತ್ರಕ್ಕೆ ಅವರಲ್ಲಿ ಇಲ್ಲ ಅಂತ ಹೇಳಲಾಗದು.

ಲ್ಯಾಬ್‌ಗೆ ಹೋದಾಗ ಸ್ಪಷ್ಟವಾಗಿ ಕೇಳಿ: 'ಎಫ್‌ಎಂಆರ್1 ಸಿಜಿಜಿ ರಿಪೀಟ್ ಎಣಿಕೆ ಮಾಡುತ್ತೀರಾ?' ಎಫ್‌ಎಂಆರ್1 ಹೆಸರು ಪ್ಯಾನಲ್ ಪಟ್ಟಿಯಲ್ಲಿ ಇದ್ದರೆ ಸಾಲದು. ಅಕ್ಷರ ಬದಲಾವಣೆ ನೋಡೋ ಪ್ಯಾನಲ್ ಈ ಎಣಿಕೆಯನ್ನು ಹಿಡಿಯುವುದಿಲ್ಲ, ಹೆಚ್ಚುಕಡಿಮೆ ಎಲ್ಲ ಜೀನ್‌ಗಳನ್ನೂ ಓದುವ ಮಾಮೂಲಿ ಎಕ್ಸೋಮ್ ಟೆಸ್ಟ್ ಕೂಡ ಹಿಡಿಯುವುದಿಲ್ಲ, ಕ್ರೋಮೋಸೋಮ್‌ಗಳನ್ನು ಎಣಿಸಿ ನೋಡುವ ಕ್ಯಾರಿಯೋಟೈಪ್ ಅಂತೂ ಇಲ್ಲವೇ ಇಲ್ಲ. ಬೇರೆಯದೇ ವಿಧಾನ ಬೇಕು. ದೊಡ್ಡ ದುಬಾರಿ ಟೆಸ್ಟ್ ಮಾಡಿಸಿ 'ಎಲ್ಲಾ ನಾರ್ಮಲ್' ಅಂತ ಮನೆಗೆ ಬಂದು, ಬೇಕಾದ ಒಂದೇ ವಿಷಯ ಅದರಲ್ಲಿ ಇಲ್ಲದಿರುವುದು ನನಗೆ ತುಂಬಾ ಬೇಸರ ತರಿಸುತ್ತದೆ. ಇದರ ಜೊತೆಗೆ ಕ್ಯಾರಿಯೋಟೈಪ್ ಒಂದನ್ನು ಮಾಡಿಸಿ. ಕೆಲವು ಜೀವಕೋಶಗಳಲ್ಲಿ ಮಾತ್ರ ಒಂದು ಎಕ್ಸ್ ಕಡಿಮೆ ಇರುವವರಿಗೆ ಹೊರಗೆ ಏನೂ ಗೊತ್ತಾಗದೆ ಅಂಡಾಶಯ ಬೇಗ ಸೊರಗಬಹುದು. ನಿಮ್ಮಲ್ಲಿ ಅದರ ಸಾಧ್ಯತೆ ಕಡಿಮೆ.

ಸಾಧ್ಯವಾದರೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಜೆನೆಟಿಕ್ಸ್ ವಿಭಾಗ, ಇಂಥ ಕಡೆ ಮನೆತನದ ನಕ್ಷೆ ಬರೆದು ಯಾರಿಗೆ ಮೊದಲು ಟೆಸ್ಟ್ ಮಾಡಿದರೆ ಉಪಯೋಗ ಅಂತ ಹೇಳುತ್ತಾರೆ. ಬಹುಶಃ ಅಕ್ಕನ ಮಗನಿಗೇ ಮೊದಲು ಅನ್ನಬಹುದು, ಅದರಿಂದ ಆ ಮಗುವಿನ ಥೆರಪಿಗೂ ದಾರಿ ಗೊತ್ತಾಗುತ್ತದೆ. ಅಕ್ಕನಿಗೆ ಇನ್ನೊಂದು ಮಗು ಬೇಕು ಅನ್ನೋ ಯೋಚನೆ ಇದ್ದರೆ ಅವರಿಗೂ ಇದು ಗೊತ್ತಿರಬೇಕು.

ನಿಮ್ಮಲ್ಲಿ ಪ್ರೀಮ್ಯುಟೇಶನ್ ಇದೆ ಅಂತ ಬಂದರೆ ಎರಡು ವಿಷಯ ಬದಲಾಗುತ್ತವೆ. ಒಂದು, ಕಾಯುವಂತಿಲ್ಲ. 35ಕ್ಕೆ ನೋಡೋಣ ಅನ್ನೋ ಮಾತೇ ಬೇಡ, ಒಂದರ ಹಿಂದೆ ಒಂದು ಸೈಕಲ್ ಮಾಡಿ ಭ್ರೂಣಗಳನ್ನು ಕೂಡಿಡುವ ಯೋಚನೆ ಮಾಡಬೇಕು. ಎರಡು, ಭ್ರೂಣವನ್ನು ಗರ್ಭಕ್ಕೆ ಹಾಕುವ ಮುಂಚೆ ಈ ಜೀನ್‌ಗಾಗಿ ಪರೀಕ್ಷೆ ಮಾಡಿಸಬಹುದು. ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಬಂದ 2021ರ ಎಆರ್‌ಟಿ ಕಾಯ್ದೆ ಗೊತ್ತಿರುವ ವಂಶವಾಹಿ ಕಾಯಿಲೆಗೆ ಇಂಥ ಪರೀಕ್ಷೆಗೆ ಅವಕಾಶ ಕೊಡುತ್ತದೆ, ಇಷ್ಟ ಬಂದ ಹಾಗೆ ಗಂಡು ಹೆಣ್ಣು ಆರಿಸೋಕೆ ಮಾತ್ರ ಇಲ್ಲ. ಮೂರೇ ಅಂಡಾಣು ಬರುವಾಗ ಪರೀಕ್ಷೆ ಮಾಡಿ ಆರಿಸುವುದು ಕಷ್ಟ, ಅದನ್ನು ಮುಚ್ಚಿಡಲಾರೆ. ಅದಕ್ಕೇ ಕೂಡಿಡುವುದು. ಇಲ್ಲದಿದ್ದರೆ ಗರ್ಭ ನಿಂತ ಮೇಲೆ ಮೂರನೇ ನಾಲ್ಕನೇ ತಿಂಗಳಲ್ಲಿ ಮಗುವಿಗೆ ಪರೀಕ್ಷೆ ಮಾಡಿಸುವ ದಾರಿಯೂ ಇದೆ.

ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು, ಯಾಕೆಂದರೆ ನಮ್ಮ ಕಡೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆ ಮಾಡೋದು ಇನ್ನೂ ಇದೆ. ಪ್ರತಿ ಸಲವೂ ಅಂಡಾಣು ಬಂದು ಒಂದೂ ಪಕ್ವವಾಗದಿದ್ದರೆ, ಅಥವಾ ಬೆಳೆದ ಫಾಲಿಕಲ್‌ಗಳು ಮತ್ತೆ ಮತ್ತೆ ಖಾಲಿ ಸಿಕ್ಕರೆ, ಆಗ ಎಕ್ಸೋಮ್ ಟೆಸ್ಟ್‌ಗೆ ಅರ್ಥ ಇದೆ. ಟಿಯುಬಿಬಿ8, ಪ್ಯಾಟ್ಎಲ್2, ಝಡ್‌ಪಿ1 ಇಂಥ ಜೀನ್‌ಗಳು ಕೆಟ್ಟಿದ್ದರೆ ಹಾಗಾಗುತ್ತದೆ. ಇವುಗಳಲ್ಲಿ ಕೆಲವು ಅಪ್ಪ ಅಮ್ಮ ಇಬ್ಬರಿಂದಲೂ ಬಂದಾಗ ಮಾತ್ರ ತೊಂದರೆ ಕೊಡುತ್ತವೆ. ಇಲ್ಲಿ ಕೇಳಬೇಕಾದ್ದು ಗಂಡ ಹೆಂಡತಿ ಸಂಬಂಧಿಕರೇ ಅಂತಲ್ಲ, ಆಕೆಯ ಅಪ್ಪ ಅಮ್ಮ ಸಂಬಂಧಿಕರೇ ಅಂತ. ಗಂಡ ಹೆಂಡತಿ ಸಂಬಂಧ ಹುಟ್ಟುವ ಮಗುವಿಗೆ ಮುಖ್ಯ. ಇಂಥವರು ಡೋಸ್ ಏರಿಸಿ ಏರಿಸಿ ನಾಲ್ಕೈದು ಸೈಕಲ್ ದುಡ್ಡು ಸುರಿಯೋದು ನೋಡಿದರೆ ಸಂಕಟ ಆಗುತ್ತದೆ.

ಅತ್ತೆಯವರ ಮಾತಿಗೆ ಬರುತ್ತೇನೆ. ವಂಶದಲ್ಲಿ ಒಂದು ಜೀನ್ ಹೀಗೆ ಇರುವುದು ಯಾರ ತಪ್ಪೂ ಅಲ್ಲ. ಇಂಥ ನಾಲ್ಕಾರು ಜೀನ್ ಪ್ರತಿಯೊಬ್ಬರಲ್ಲೂ, ಅವರಲ್ಲೂ, ನನ್ನಲ್ಲೂ ಇವೆ. ಗರ್ಭ ನಿಲ್ಲದಿರುವುದಕ್ಕೆ ವೀರ್ಯದ ಪಾಲೂ ಇರುತ್ತದೆ, ನಿಮ್ಮ ಯಜಮಾನರ ರಿಪೋರ್ಟ್ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ಅವರ ಪರೀಕ್ಷೆ ಹಳೆಯದಾಗಿದ್ದರೆ ಇನ್ನೊಮ್ಮೆ ಮಾಡಿಸಿ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ, ಮನೆಯಲ್ಲಿ ಈ ಮಾತು ಬಂದಾಗ ಉತ್ತರ ಕೊಡಬೇಕಾದವರು ಅವರು.

ಟೆಸ್ಟ್‌ನಲ್ಲಿ ಏನೂ ಇಲ್ಲ ಅಂತಲೇ ಬರಬಹುದು, ಆಗ ಮುಂದಿನ ಸೈಕಲ್ ಹೇಗೆ? ಮೊದಲು ಜೀನ್ ಅಲ್ಲದ ಕಾರಣಗಳನ್ನು ನೋಡಿ. ಇಂಜೆಕ್ಷನ್ ಫ್ರಿಜ್‌ನಲ್ಲಿ ಇಟ್ಟಿದ್ದಿರಾ, ಬಸ್ಸಲ್ಲಿ ತರುವಾಗ ಐಸ್ ಪ್ಯಾಕ್ ಇತ್ತಾ, ಪೆನ್‌ನಲ್ಲಿ ಡೋಸ್ ಸರಿಯಾಗಿ ತಿರುಗಿಸಿದ್ದಿರಾ? ಸಣ್ಣ ವಿಷಯ ಅನ್ನಿಸುತ್ತೆ, ಆದರೆ ಔಷಧಿಯೇ ಕೆಟ್ಟಿದ್ದರೆ ಅಂಡಾಶಯವನ್ನು ದೂರಿ ಏನು ಫಲ? ಹಿಂದೆ ಅಂಡಾಶಯದ ಚಾಕೊಲೇಟ್ ಸಿಸ್ಟ್ (ಹಳೆ ರಕ್ತ ತುಂಬಿದ ಗಡ್ಡೆ) ಆಪರೇಶನ್, ಟಿಬಿ ಆಗಿತ್ತೇ ಅನ್ನೋದನ್ನೂ ಹೇಳಿ. ಸೈಕಲ್‌ಗೆ ಮುಂಚೆ ಗರ್ಭನಿರೋಧಕ ಮಾತ್ರೆ ಕೊಟ್ಟಿದ್ದರೆ ಈ ಸಲ ಅದಿಲ್ಲದೆ ಶುರು ಮಾಡಬಹುದೇ ಅಂತ ಕೇಳಿ. ಡೋಸ್ 300ಕ್ಕೆ ಏರಿಸುವುದು, ಎಲ್‌ಎಚ್ ಅಂಶ ಇರುವ ಇಂಜೆಕ್ಷನ್ ಸೇರಿಸುವುದು, ಇವು ಪ್ರಯತ್ನ ಮಾಡಬಹುದಾದವು. 300ಕ್ಕಿಂತ ಮೇಲೆ ಹೋಗಿ ಲಾಭವಿಲ್ಲ, ಯುರೋಪಿನ ತಜ್ಞರ ಸಂಘದ 2019ರ ಮಾರ್ಗಸೂಚಿಯೂ ಅದನ್ನು ಬೇಡ ಅನ್ನುತ್ತದೆ. ಅಂಡಾಶಯಕ್ಕೆ ಪಿಆರ್‌ಪಿ (ನಿಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ) ಚುಚ್ಚುತ್ತೇವೆ ಅಂದರೆ ಒಪ್ಪಬೇಡಿ, ಅದರಿಂದ ಮಗು ಆಗುವ ಸಾಧ್ಯತೆ ಹೆಚ್ಚುತ್ತದೆ ಅನ್ನೋಕೆ ಗಟ್ಟಿ ಆಧಾರ ಇಲ್ಲ. ಮತ್ತೆ, ನಿಮಗೆ 31. ಅಂಡಾಣುವಿನ ಸಂಖ್ಯೆ ಕಡಿಮೆಯಾದರೂ ಅದರ ಗುಣ ನಿರ್ಧಾರ ಮಾಡೋದು ಮುಖ್ಯವಾಗಿ ವಯಸ್ಸು, ಅದು ನಿಮ್ಮ ಪರವಾಗಿದೆ. 41 ವರ್ಷದವರಿಗೆ ಬಂದ ಮೂರು ಅಂಡಾಣುವೂ ನಿಮ್ಮ ಮೂರೂ ಒಂದೇ ಅಲ್ಲ.

ಎಫ್‌ಎಂಆರ್1 ರಿಪೋರ್ಟ್ ಬರೋಕೆ ಕೆಲವು ವಾರ ಹಿಡಿಯಬಹುದು. ಹಾಗಾಗಿ ಮುಂದಿನ ಮುಟ್ಟಿನ ಎರಡನೇ ದಿನಕ್ಕೆ ಕಾಯದೆ ಈಗಲೇ ರಕ್ತ ಕೊಡಿ, ಇಂಜೆಕ್ಷನ್ ಶುರು ಮಾಡೋ ಮುಂಚೆ ಉತ್ತರ ಕೈಯಲ್ಲಿರಲಿ. ಬಂದ ಮೇಲೆ ಸಿಜಿಜಿ ಎಣಿಕೆಯ ಎರಡೂ ಸಂಖ್ಯೆಗಳನ್ನು (ಎರಡು ಎಕ್ಸ್‌ಗೆ ಒಂದೊಂದು) ನನಗೆ ಬರೆಯಿರಿ, ಬರೀ 'ನಾರ್ಮಲ್' ಅನ್ನೋ ಪದ ಸಾಲದು.